ಸೈಕಲ್ಲಿನ ಬಣ್ಣ ಕೇಳುವ ಕೆಲಸ

ನಾನು ಯಾರನ್ನೂ ಸುಮ್ಮನೆ ನಂಬುವವನಲ್ಲ. ಇದು ಹುಟ್ಟುಗುಣವಲ್ಲ, ಸಂಬಳ ಕೊಟ್ಟು ಕಲಿಸಿದ ಗುಣ. ಕಾಳಗದ ನಡುವೆ ವಿಮಾನ ಉರುಳಿ ಕೆಳಗೆ ಸಿಕ್ಕಿಕೊಂಡ ಪೈಲಟ್ಟನ್ನು ಹುಡುಕಿ ಎತ್ತಿಕೊಂಡು ಬರುವ ಹೆಲಿಕಾಪ್ಟರ್ ದಳದಲ್ಲಿ ನನ್ನ ನೌಕರಿ ಕಳೆಯಿತು. ಹಗ್ಗ ಹಿಡಿದು ಕೆಳಗಿಳಿಯುವವನು ನಾನು.

ಕೆಳಗಿನಿಂದ ವೈರ್‌ಲೆಸ್ಸಿನಲ್ಲಿ ‘ಬನ್ನಿ, ಇಲ್ಲಿದ್ದೇನೆ’ ಎಂದು ದನಿ ಬಂದರೆ ತಟ್ಟನೆ ಇಳಿಯುವಂತಿಲ್ಲ. ವೈರ್‌ಲೆಸ್ ಕಸಿದುಕೊಂಡ ಶತ್ರುವೇ ನಮ್ಮನ್ನು ಕರೆಯುತ್ತಿರಬಹುದು. ಅದಕ್ಕೇ ಪ್ರತಿ ಪೈಲಟ್ಟೂ ಹಾರುವ ಮುಂಚೆ ತನಗೊಬ್ಬನಿಗೇ ಗೊತ್ತಿರುವ ಸಂಗತಿಯೊಂದನ್ನು ದಳಕ್ಕೆ ಹೇಳಿಟ್ಟಿರುತ್ತಾನೆ. ಬೆನ್ನು ಮುರಿದುಕೊಂಡು ಪೊದೆಯಲ್ಲಿ ಬಿದ್ದವನಿಗೆ ನಾವು ಮೇಲಿನಿಂದ, ‘ನಿನ್ನ ಮೊದಲ ಸೈಕಲ್ಲಿನ ಬಣ್ಣ ಯಾವುದು?’ ಎಂದು ಕೇಳುತ್ತೇವೆ. ಒಬ್ಬ ಪುಣ್ಯಾತ್ಮ ಬಣ್ಣ ಹೇಳುವ ಮೊದಲು ನಮ್ಮ ವಂಶವನ್ನೆಲ್ಲ ಜಾಲಾಡಿಬಿಟ್ಟ. ಸರಿಯುತ್ತರ ಬಂದ ಮೇಲೂ ನೇರ ಹೋಗುವುದಿಲ್ಲ. ಒಂದು ಸುತ್ತು ಹಾಕಿ, ಆ ದನಿಯ ಪಕ್ಕದಲ್ಲಿ ಯಾರಾದರೂ ಹೊಂಚು ಹಾಕಿದ್ದಾರೆಯೇ ಎಂದು ನೋಡಿಕೊಂಡೇ ಇಳಿಯಬೇಕು.

ನಿವೃತ್ತನಾಗಿ ಪಾಲಹಳ್ಳಿಯಲ್ಲಿ ಮನೆ ಮಾಡಿದ ಮೇಲೂ ಈ ಚಾಳಿ ಬಿಡಲಿಲ್ಲ. ಕೆ.ಆರ್. ಪೇಟೆಯ ಹೋಟೆಲಿನಲ್ಲಿ ಬಾಗಿಲಿಗೆ ಬೆನ್ನು ಹಾಕಿ ಕೂರಲಾರೆ. ನಾಗಮಂಗಲದಲ್ಲಿ ನೆಂಟರ ಮದುವೆಗೆ ಹೋದಾಗ ಛತ್ರದ ಹಿಂಬಾಗಿಲು ಎಲ್ಲಿದೆ ಎಂದು ನೋಡಿ ಬಂದು ಊಟಕ್ಕೆ ಕೂತೆ. ಹೆಂಡತಿಯ ತಮ್ಮ ಸಾಲಿಗೆಲ್ಲ ಕೇಳುವಂತೆ, “ಭಾವ ಮದ್ವೆಗೆ ಬಂದವ್ರೋ, ತಪಾಸಣೆಗೆ ಬಂದವ್ರೋ?” ಎಂದ. ಹೆಂಡತಿ ಅವನಿಗಿಂತ ಒಂದು ಕೈ ಮೇಲು. ಸಂತೆಯಲ್ಲಿ ಒಮ್ಮೆ, “ಕೊತ್ತಂಬ್ರಿ ಸೊಪ್ಪು ಮೂಸಿ ನೋಡಿ, ಬ್ಯಾಡ ಅನ್ನಕ್ಕಿಲ್ಲ. ಮಾರೋನ್ನೂ ಯಾಕ್ರೀ ಮೂಸ್ತೀರಾ?” ಎಂದು ಬೈದಳು. ನನಗೆ ಸಿಟ್ಟು ಬಂತು. ಆ ಸೊಪ್ಪಿನವನ ಮೇಲೆ ನನಗೆ ಈಗಲೂ ಅನುಮಾನವೇ.

ಶನಿವಾರ ಅವಳು ಕರಿಘಟ್ಟದ ಬೆಟ್ಟದ ಗುಡಿಗೆ ಹೋಗುತ್ತಾಳೆ. ಕಾರು ಮೇಲಿನವರೆಗೂ ಹೋಗುತ್ತದೆ ಎಂದರೂ ಕೇಳದೆ ಮೆಟ್ಟಿಲು ಹತ್ತಿಯೇ ಹೋಗುವ ಹಟ. ಅಂಥ ಒಂದು ಶನಿವಾರ ಬೆಳಿಗ್ಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

“ರೀ, ನಾನು. ಮೆಟ್ಲಲ್ಲಿ ಜಾರ್ಬುಟ್ಟೆ. ಕಾಲು ಊರಕ್ಕಾಯ್ತಿಲ್ಲ. ನನ್ ಫೋನೂ ಒಡ್ದೋಯ್ತು, ಇದು ಊವು ಮಾರೋ ಅವ್ವನ ಫೋನು. ಬಂದ್ಬುಡಿ.”

ದನಿ ಅವಳದೇ. ಆದರೆ ನಮ್ಮ ಬೀದಿಯಲ್ಲೇ ಒಬ್ಬರಿಗೆ ಮಗನ ದನಿಯಲ್ಲಿ ಫೋನ್ ಬಂದು ಮೋಸವಾಗಿತ್ತು. ಈಗ ದನಿಯನ್ನೂ ತಯಾರು ಮಾಡುತ್ತಾರೆ. ನನ್ನ ಬಾಯಿಂದ ಪ್ರಶ್ನೆ ತಾನಾಗಿ ಹೊರಬಿತ್ತು.

“ನಿನ್ನನ್ನ ನೋಡೋಕೆ ಬಂದ ದಿನ ನಾನು ಏನು ತಿನ್ನದೆ ಬಿಟ್ಟಿದ್ದೆ?”

ಆ ಕಡೆಯಿಂದ ಅಳುದನಿಯಲ್ಲೇ ಬೆಂಕಿ ಬಂತು. “ಉಪ್ಪಿಟ್ಟಲ್ಲಿದ್ದ ಈರುಳ್ಳಿ ಎಲ್ಲಾನೂ ಆಯ್ದು ತಟ್ಟೆ ಅಂಚಿಗೆ ಮಡಗಿದ್ರಿ. ಪಾಂಡವಪುರದಲ್ಲಿ ನಮ್ಮವ್ವ ಈಗ್ಲೂ ಅದನ್ನೇ ಆಡ್ಕತಾಳೆ. ಬತ್ತೀರೋ ಇಲ್ವೋ?”

ಕಾರು ತೆಗೆದೆ. ಬೆಟ್ಟದ ಬುಡ ತಲುಪಿದ ಮೇಲಾದರೂ ನೇರ ಹತ್ತಿಹೋಗಬೇಕಿತ್ತು. ಹೋಗಲಿಲ್ಲ. ಕಾರು ನಿಲ್ಲಿಸದೆ ಮೆಟ್ಟಿಲು ಶುರುವಾಗುವ ಜಾಗ ದಾಟಿ ಮುಂದೆ ಹೋಗಿ, ನಿಂತ ಬೈಕುಗಳನ್ನು, ಮರದಡಿ ಕೂತವರನ್ನು ಒಂದೊಂದಾಗಿ ನೋಡಿ, ಹೊಳೆಯ ಕಡೆಯಿಂದ ತಿರುಗಿ ಬಂದೆ. ಹೊಂಚು ಹಾಕಿದವರು ಯಾರೂ ಇರಲಿಲ್ಲ. ಅವಲಕ್ಕಿ ತಿನ್ನುತ್ತಿದ್ದ ಒಂದು ಸಂಸಾರ ನನ್ನನ್ನೇ ಅನುಮಾನದಿಂದ ನೋಡಿತು.

ಅವಳು ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದಳು. ಹೂವಿನ ಹೆಂಗಸು ಪಕ್ಕದಲ್ಲಿ ನಿಂತು ಕೊಡೆ ಹಿಡಿದಿದ್ದಳು. ಹೆಂಡತಿ ನನ್ನ ಮುಖ ನೋಡಲಿಲ್ಲ.

“ನೀವು ಕಾರಲ್ಲಿ ಸುತ್ತಾಕಿದ್ದನ್ನ ಇಲ್ಲಿಂದ್ಲೇ ನೋಡ್ದೆ,” ಎಂದಳು.

ಮೊಣಕಾಲೂರಿ ಕೂತು ಅವಳ ಕಾಲು ಮುಟ್ಟಿದೆ. ಇದು ನನಗೆ ಬರುವ ಕೆಲಸ. ಕಣಕಾಲು ಊದಿತ್ತು. ಬೆರಳು ಮೇಲಕ್ಕೆ ಸರಿಸಿದಾಗ ಮೂಳೆಯ ಮೇಲೆ ಗಟ್ಟಿ ಗಂಟೊಂದು ಸಿಕ್ಕಿತು. ಎಂದೋ ಮುರಿದು, ಸರಿಯಾಗಿ ಕೂರದೆ ಬೆಸೆದುಕೊಂಡ ಮೂಳೆ. ಅವಳು ಆ ಕಾಲನ್ನು ಕೊಂಚ ಎಳೆದು ನಡೆಯುತ್ತಾಳೆ. ವಯಸ್ಸು ಎಂದುಕೊಂಡಿದ್ದೆ.

“ಇದು ಇವತ್ತಿಂದಲ್ಲ,” ಎಂದೆ.

“ಅಲ್ಲ. ಈಗ ನಾನು ಕೇಳ್ತೀನಿ, ನೀವು ಉತ್ತರ ಕೊಡಿ. ಅದು ಯಾವಾಗ ಮುರೀತು?”

ನನಗೆ ಗೊತ್ತಿರಲಿಲ್ಲ. ಹೂವಿನ ಹೆಂಗಸು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಇವನು ನಿಜವಾಗಿ ಇವಳ ಗಂಡನೇ ಎಂಬಂತೆ.

“ನೀವು ಗಡೀಲಿದ್ರಿ,” ಹೆಂಡತಿ ಹೇಳಿದಳು. “ನಿಮ್ಮೂರು ದೇವಲಾಪುರದಲ್ಲಿ, ನಿಮ್ಮ ಒಲದಲ್ಲೇ ಬಿದ್ದೆ. ನಾಟಿ ವೈದ್ಯರು ಬಿದಿರು ದಬ್ಬೆ ಕಟ್ಟಿದ್ರು. ದಬ್ಬೆ ಇನ್ನೂ ಬಿಚ್ಚಿರ್ಲಿಲ್ಲ, ನಿಮ್ಮ ಫೋನ್ ಬಂತು. ಎಲ್ಲಾ ಚೆನ್ನಾಗಿದೀವಿ ಅಂದೆ. ನೀವು ಸರಿ ಅಂದು ಮಡಗ್ಬುಟ್ರಿ. ಕಂಡೋರ್ನೆಲ್ಲ ಸೈಕಲ್ ಬಣ್ಣ ಕೇಳ್ತಿದ್ರಲ್ಲ, ನನ್ನನ್ನ ಇನ್ನೊಂದ್ ಸಲ ಕೇಳಿದ್ರೆ ನಿಜ ಏಳ್ಬುಡ್ತಿದ್ದೆ.”

ಕಂಡ ಮುಖಗಳನ್ನೆಲ್ಲ ಅನುಮಾನಿಸಿದ್ದೆ. ತಿಂಗಳುಗಟ್ಟಲೆ ಫೋನಿನಲ್ಲಿ ಅವಳು ಹೇಳಿದ ಆ ಒಂದು ಮಾತನ್ನು ಮಾತ್ರ, ನನಗೆ ಅನುಕೂಲವಾಗಿತ್ತೆಂದು ತೋರುತ್ತದೆ, ಯಾವತ್ತೂ ಅನುಮಾನಿಸಲಿಲ್ಲ.

ಹೂವಿನವಳ ಕೊಡೆಯನ್ನೇ ಮಡಚಿ ಕಾಲಿಗೆ ಆಸರೆಯಿಟ್ಟು, ನನ್ನ ಟವೆಲಿನಿಂದ ಬಿಗಿದು ಕಟ್ಟಿದೆ. ಅವಳನ್ನು ಬೆನ್ನಿಗೆ ಹೊತ್ತು ಮೆಟ್ಟಿಲು ಇಳಿಯತೊಡಗಿದೆ. ಹೂವಿನವಳು ಬುಟ್ಟಿ ಬಿಟ್ಟು ಹಿಂದೆಯೇ ಬಂದಳು.

“ನೋಯ್ತಿದೆಯಾ?” ಎಂದೆ.

“ಇಲ್ಲ. ಚೆನ್ನಾಗಿದೀನಿ.”

ನಾನು ನಿಂತೆ. ಮತ್ತೆ ಕೇಳಿದೆ.

ಅವಳು ನನ್ನ ಹೆಗಲಿಗೆ ಮುಖ ಒತ್ತಿಕೊಂಡಳು. “ನೋಯ್ತದೆ ಕಣ್ರೀ,” ಎಂದಳು. “ಆವತ್ತೂ ಬಾಳ ನೋಯ್ತಿತ್ತು.”