ಕಣ್ಣು ಮುಚ್ಚಿ ಎತ್ತಿದ ಕೈ

ಮಾನ್ವಿಯ ಅಂಬರೇಶ ರಾಯಚೂರಿನ ಒಂದು ಬೈಕ್ ಶೋರೂಮಿನಲ್ಲಿ ಸೇಲ್ಸ್‌ಮನ್. ಇಡೀ ದಿನ ನಿಂತು ಮಾತಾಡುವುದೇ ಅವನ ಉದ್ಯೋಗ. ಆದರೆ ಒಬ್ಬ ಗಿರಾಕಿಯೂ ಅವನ ಮಾತನ್ನು ಕೊನೆಯವರೆಗೆ ಕೇಳಿದವನಲ್ಲ. "ಮೈಲೇಜ್ ಎಷ್ಟ್ ಕೊಡ್ತದ ಅಷ್ಟ್ ಹೇಳೋ ಮಾರಾಯಾ" ಎಂದು ನಡುವೆಯೇ ಕತ್ತರಿಸಿಬಿಡುತ್ತಿದ್ದರು. ಅವನ ಮಾತು ಮುಗಿಯುವ ತನಕ ಜನ ಬಾಯಿ ಮುಚ್ಚಿಕೊಂಡು ಕೂರುವ ಜಾಗ ಭೂಮಿಯ ಮೇಲೆ ಒಂದೇ ಇತ್ತು: ಮಾನ್ವಿಯ ಅವರ ಪುಟ್ಟ ಚರ್ಚು. ಅಲ್ಲಿ ಭಾನುವಾರ ಬೈಬಲ್ ಪಾಠ ಓದುವವನು ಅವನೇ. ದನಿ ಚೆನ್ನಾಗಿತ್ತು. ಅದು ಅವನಿಗೂ ಗೊತ್ತಿತ್ತು. ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಗೊತ್ತಿತ್ತು.

ಪ್ರಭುದಾಸ ಪಾದ್ರಿಗೆ ದೇವದುರ್ಗಕ್ಕೆ ವರ್ಗವಾಯಿತು. ಸಾಮಾನು ಹೇರುವ ದಿನ ಅಂಬರೇಶ ರಜೆ ಹಾಕಿ ಹೋದ. ಟೆಂಪೋ ಹತ್ತುವ ಮುಂಚೆ ಪಾದ್ರಿ ಅವನ ಹೆಗಲ ಮೇಲೆ ಕೈಯಿಟ್ಟರು. "ಹೊಸಬ್ರು ಬರೋತನಕ ಸಭಿ ನೋಡ್ಕೊಳ್ಳಾಕ ಒಬ್ರು ಬೇಕಲ್ಲ ತಮ್ಮಾ. ನನ್ನ ಮನಸಿನ್ಯಾಗ ನೀನೇ ಅದಿ."

ಇಷ್ಟು ಕೇಳಿದ್ದೇ ತಡ, ಇಬ್ಬರು ಎತ್ತಬೇಕಾದ ಕಬ್ಬಿಣದ ಬೀರುವನ್ನು ಅಂಬರೇಶ ಒಬ್ಬನೇ ಎತ್ತಲು ಹೋಗಿ ಸೊಂಟ ಹಿಡಿಸಿಕೊಂಡ.

ಆಮೇಲಿನ ದಿನಗಳಲ್ಲಿ ಅವನ ತಲೆಯಲ್ಲಿ ಬೇರೇನೂ ಇರಲಿಲ್ಲ. ಹೊಸ ಬಿಳಿ ಅಂಗಿ ಹೊಲಿಸಿದ. ರಾಯಚೂರಿನ ಬಸ್ಸಿನಲ್ಲಿ ತುಟಿ ಆಡಿಸುತ್ತ ಚರ್ಚಿನಲ್ಲಿ ಹೇಳಬೇಕಾದ ಉಪದೇಶದ ಪ್ರಸಂಗ ಬಾಯಿಪಾಠ ಮಾಡಿದ. ಪಕ್ಕದಲ್ಲಿ ಕೂತ ಹೆಂಗಸೊಬ್ಬಳು ಹೆದರಿ ಸೀಟು ಬದಲಿಸಿದಳು. ಶೋರೂಮಿನ ಮೆಕ್ಯಾನಿಕ್ ಮತೀನ್ ಬಿಡಲಿಲ್ಲ. "ಏನ್ರೀ ಪಾದ್ರಿ ಸಾಬ್, ಸ್ವರ್ಗದ ರೋಡಿನ್ಯಾಗ ಈ ಗಾಡಿ ಮೈಲೇಜ್ ಎಷ್ಟ್ ಕೊಡ್ತದ?"

ಮನೆಯಲ್ಲಿ ಅವನ ಸಭೆಯೆಂದರೆ ತಾಯಿ ಆದೆಮ್ಮ ಒಬ್ಬಳೇ. ರೊಟ್ಟಿ ಬಡಿಯುತ್ತ ಇಡೀ ಪ್ರಸಂಗವನ್ನು ಕೇಳಿ "ಚಲೋ ಅದ ಯಪ್ಪಾ" ಎಂದಳು. ಆಮೇಲೆ ಹಿಟ್ಟಿನ ಡಬ್ಬಿ ಇಳಿಸಲು ಬಲಗೈ ಎತ್ತಿ "ಅಯ್ಯೋ ಯೇಸಪ್ಪಾ!" ಎಂದು ನರಳಿದಳು. ಅವಳ ಬಲಭುಜ ಹಿಡಿದುಕೊಂಡು ವರ್ಷವಾಗಿತ್ತು. ಆ ಕೈ ಮೇಲೆ ಹೋದರೆ ಯೇಸಪ್ಪ ಬಾಯಿಗೆ ಬರಲೇಬೇಕು; ಓಣಿಗೆಲ್ಲ ಗೊತ್ತಿದ್ದ ಮಾತದು.

"ಎಡಗೈಲೆ ಇಳಸಬಾರದೇನವ್ವಾ?"

"ಅನ್ನದ ಡಬ್ಬಿ ಎಡಗೈಲೆ ಮುಟ್ತಾರೇನಲೇ?"

ಚರ್ಚಿನಲ್ಲಿ ತಬಲಾ ಬಾರಿಸುವ ಗೆಳೆಯ ಕನಕರಾಯನೂ, ಸಭೆ ಕೈ ಎತ್ತಿ ನಡೆಸುವ ಆಯ್ಕೆಯ ಬಗ್ಗೆ ಧೈರ್ಯ ಕೊಟ್ಟಿದ್ದ. "ಹುಡುಗ್ರೆಲ್ಲಾ ನಿನ್ನ ಕಡಿ. ಆ ಮಲ್ಲಯ್ಯ ಮುತ್ಯಾಗ ಯಾರು ಕೈ ಎತ್ತತಾರೋ? ಪ್ರಸಂಗದಾಗ ಗೊರಕಿ ಹೊಡಿಯಾವ ಆತ."

ಎದುರಿಗಿದ್ದ ಹೆಸರು ಅದೊಂದೇ. ಮಲ್ಲಯ್ಯನಿಗೆ ಕಣ್ಣು ಮಂಜು, ಬೈಬಲ್ ಓದಲಾರ. ಅಂಬರೇಶನಿಗೆ ಮುದುಕನ ಮೇಲೆ ಕನಿಕರವೇ ಬಂದಿತ್ತು. ಸಭೆ ತನ್ನ ಕೈಗೆ ಬಂದಮೇಲೆ ಅವನನ್ನು ಮುಂದಿನ ಸಾಲಿನಲ್ಲಿ ಕೂರಿಸಬೇಕು ಎಂದೂ ಅಂದುಕೊಂಡಿದ್ದ.

ಆಯ್ಕೆಯ ಭಾನುವಾರ ರಾಯಚೂರಿನಿಂದ ಹಿರಿಯ ಪಾದ್ರಿ ಬಂದರು. ಹಿಂದೊಮ್ಮೆ ಎಲ್ಲರ ಕಣ್ಣೆದುರಿಗೇ ಕೈ ಎತ್ತಿಸಿದ್ದರಿಂದ ಎರಡು ಮನೆಗಳ ನಡುವೆ ಮಾತೇ ನಿಂತುಹೋಗಿತ್ತು. ಅಂದಿನಿಂದ ಇಲ್ಲಿ ಆಯ್ಕೆ ನಡೆಯುವುದು ಪ್ರಾರ್ಥನೆಯಲ್ಲೇ. "ಎಲ್ಲಾರೂ ತಲಿ ಬಗ್ಗಿಸ್ರಿ, ಕಣ್ಣು ಮುಚ್ರಿ. ಯಾರೂ ಯಾರನ್ನೂ ನೋಡಬ್ಯಾಡ್ರಿ. ಹೆಸರು ಹೇಳಿದಾಗ ಬಲಗೈ ಎತ್ರಿ" ಎಂದರು.

ಅಂಬರೇಶ ಪ್ರಾಮಾಣಿಕವಾಗಿ, ಬಿಗಿಯಾಗಿ ಕಣ್ಣು ಮುಚ್ಚಿದ.

"ಅಂಬರೇಶ." ಒಂದೆರಡು ಸೆರಗು ಸರಿದ ಸದ್ದು. ಯಾರೋ ಕೆಮ್ಮಿದರು. ಅವನ ಕಿವಿ ಹೆಂಗಸರ ಸಾಲಿನ ಕಡೆಗಿತ್ತು. ಯೇಸಪ್ಪ ಬರಲಿಲ್ಲ. ದೇವರ ಕೆಲಸವಲ್ಲವೇ, ಇವತ್ತು ನೋವೇ ಆಗಿಲ್ಲವೇನೋ ಎಂದುಕೊಂಡ.

"ಮಲ್ಲಯ್ಯ."

"ಅಯ್ಯೋ ಯೇಸಪ್ಪಾ!"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ಅಂಬರೇಶ ಇನ್ನೂ ಕಣ್ಣು ಮುಚ್ಚಿಕೊಂಡೇ ಇದ್ದ. ಫಲಿತಾಂಶ ಕೇಳುವ ಅಗತ್ಯ ಅವನಿಗಿರಲಿಲ್ಲ.

ಹೊರಗೆ ಚಪ್ಪಲಿ ಮೆಟ್ಟುವಾಗ ಕನಕರಾಯ ಕೈ ಹಿಡಿದುಕೊಂಡ. "ದೇವರಾಣಿ, ನಾ ನಿನಗೇ ಎತ್ತೀನಿ." ಮತ್ತೊಬ್ಬ ಬಂದು ಅದನ್ನೇ ಹೇಳಿದ. ಮಗದೊಬ್ಬನೂ ಹೇಳಿದ. ಇವರೆಲ್ಲರ ಮಾತು ನಿಜವಾಗಿದ್ದರೆ ಅಂಬರೇಶ ಬಿಷಪ್ಪೇ ಆಗಬೇಕಿತ್ತು. ದೇವದುರ್ಗಕ್ಕೆ ಫೋನ್ ಮಾಡಿದರೆ ಪ್ರಭುದಾಸ ಪಾದ್ರಿ "ದೇವರ ಚಿತ್ತ ತಮ್ಮಾ" ಎಂದರು. ಮಲ್ಲಯ್ಯನ ಹೆಸರನ್ನೂ ಹಿರಿಯರಿಗೆ ಸೂಚಿಸಿ ಹೋದವರು ಅವರೇ ಎಂಬುದು ಅವರ ಬಾಯಿಂದಲೇ ಜಾರಿತು. ಸುಳ್ಳು ಹೇಳಲು ದಾರಿಯೇ ಇಲ್ಲದಿದ್ದವಳು ಒಬ್ಬಳೇ, ಆದೆಮ್ಮ.

ಅವಳು ತಟ್ಟೆ ಮುಂದಿಟ್ಟಳು. ಅವನು ಮುಟ್ಟಲಿಲ್ಲ.

"ಕಣ್ಣು ಮುಚ್ಚಂದಿದ್ರು. ನೀ ನೋಡ್ತಿ ಅನ್ಕೊಂಡಿದ್ದಿಲ್ಲ," ಎಂದಳು.

"ನಾ ನೋಡಿಲ್ಲವ್ವಾ. ಕೇಳೀನಿ."

ಆದೆಮ್ಮ ಒಲೆಯ ಕಡೆ ತಿರುಗಿದಳು. "ಬಾಜೂ ಮನಿ ಶೇಖಮ್ಮ ಸಾಯಾಗ ಆಕಿ ಕೈ ಹಿಡಕೊಂಡು ಕುಂತಾವ್ರು ಯಾರು? ಮಲ್ಲಯ್ಯ ಮಾವ. ನೀ ಫೋನಿನ್ಯಾಗ ಕೈ ಮುಗಿಯೋ ಚಿತ್ರ ಕಳಿಸಿದ್ದಿ."

"ಡ್ಯೂಟಿ ಇತ್ತಲ್ಲವ್ವಾ."

"ಹೌದು. ನಾಳಿ ನಾ ಹೋಗಾಗೂ ಡ್ಯೂಟಿ ಇರ್ತದ."

ಅವನು ತಟ್ಟೆಯನ್ನು ಪಕ್ಕಕ್ಕೆ ತಳ್ಳಿದ. ಸಿಟ್ಟು ಬಂದಿತ್ತು. "ಹಂಗಾದ್ರ ಮೊದಲೇ ಹೇಳಬೇಕಿತ್ತು. ಇಲ್ಲೇ ಕುಂತು ಅಷ್ಟು ಸಲ ಕೇಳಿದೆಲ್ಲಾ? ಚಲೋ ಅದ ಅಂದೆಲ್ಲಾ?"

"ಚಲೋ ಇತ್ತಲ್ಲಪ್ಪಾ..."

ರೊಟ್ಟಿ ಹಂಚಿನ ಮೇಲೆ ಸೀದುಹೋಯಿತು.

ಮರುವಾರ ಚರ್ಚಿಗೆ ಹೋಗಬಾರದೆಂದು ನಿರ್ಧರಿಸಿದ್ದವನು ಹೋದ. ಬಿಳಿ ಅಂಗಿಯ ಹೊಲಿಗೆ ಕೂಲಿಯಾದರೂ ದಕ್ಕಲಿ ಎಂದು ತನಗೆ ತಾನೇ ಹೇಳಿಕೊಂಡ. ಮಲ್ಲಯ್ಯ ಪೀಠದ ಪಕ್ಕದಲ್ಲಿ ನಿಂತು ಕಣ್ಣು ಕಿರಿದು ಮಾಡಿ ಹುಡುಕಿದ. "ಅಂಬರೇಶ, ಎಲ್ಲಿ ಅದಿಯೋ ಯಪ್ಪಾ? ಬಂದು ಓದು." ಅಂಬರೇಶ ಓದಿದ. ದನಿ ಎಂದಿನಂತೆಯೇ ಇತ್ತು. ಜನ ಎಂದಿನಂತೆಯೇ ಕೇಳಿದರು. ಅದೇ ಜನ.

ಆಮೇಲೆ ಮಲ್ಲಯ್ಯ ಹೇಳಿದ: "ಕಣ್ಣು ಮುಚ್ರಿ. ಯಾರಿಗೆ ಪ್ರಾರ್ಥನಿ ಬೇಕೋ ಅವ್ರು ಕೈ ಎತ್ರಿ."

ಅಂಬರೇಶ ಹುಟ್ಟಿದಾಗಿನಿಂದ ಮೊದಲ ಸಲ ಪ್ರಾರ್ಥನೆಯಲ್ಲಿ ಕಣ್ಣು ತೆರೆದುಕೊಂಡು ನಿಂತ. ಹೆಂಗಸರ ಸಾಲಿನಲ್ಲಿ ಆದೆಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ಅವಳ ಬಲಗೈ ನಿಧಾನವಾಗಿ ಮೇಲೇರಿತು. ನೋವಿಗೆ ಮುಖ ಕಿವುಚಿತು. ಕೆಳತುಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು. ಕೈ ಪೂರ್ತಿ ಮೇಲೆ ಹೋಯಿತು. ಒಂದು ಸದ್ದೂ ಬರಲಿಲ್ಲ.

ತನಗೆ ಕೇಳದಿರಲಿ ಎಂದೇ ಅವಳು ಹಾಗೆ ಕಚ್ಚಿಕೊಂಡಿದ್ದಾಳೆ ಎಂಬುದು ಅವನಿಗೆ ತಿಳಿಯಿತು.

ಅಂದರೆ, ಮನಸ್ಸು ಮಾಡಿದ್ದರೆ ಹೋದ ವಾರವೂ ಕಚ್ಚಿಕೊಳ್ಳಬಹುದಿತ್ತು.

ಮಲ್ಲಯ್ಯ ಆಮೆನ್ ಎಂದ. ಎಲ್ಲರೂ ಆಮೆನ್ ಎಂದರು. ಅಂಬರೇಶನ ತುಟಿ ಮಾತ್ರ ಅಲುಗಲಿಲ್ಲ.