ಕೆಳಗಿನ ಖೋಲಿ

ಸವಿತಾ, ನಿನ್ನ ಮದುವೆಯ ದಿನ ದೊಡ್ಡವ್ವ ಮುನಿಸಿಕೊಂಡು ಹೋಗಿರಲಿಲ್ಲ. ನಾನು ಸುಳ್ಳು ಹೇಳಿದೆ. ನಿನ್ನ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೆ ಅವಳು ಸಿಂದಗಿಯ ದವಾಖಾನೆಯೊಂದರಲ್ಲಿ ಮೂಗಿಗೆ ಆಕ್ಸಿಜನ್ ಹಚ್ಚಿಸಿಕೊಂಡು ಮಲಗಿದ್ದಳು. ಅವಳನ್ನು ಆ ಗತಿಗೆ ತಂದವನು ನಾನೇ, ನಿನ್ನ ಒಡಹುಟ್ಟಿದ ಅಣ್ಣ.

ನಡುವೆ ನನ್ನನ್ನು ಬೈಯಬೇಕೆನಿಸಿದರೆ ಬೈದುಬಿಡು. ಆದರೆ ಪೂರ್ತಿ ಓದು.

ಕಲ್ಯಾಣಮಂಟಪದ ಪಕ್ಕದ ಲಾಡ್ಜು ನಿನಗೆ ನೆನಪಿರಬೇಕು. ಲಗ್ನದ ಸೀಜನ್ನು, ಬೇರೆಲ್ಲೂ ಖೋಲಿ ಸಿಗದೆ, ರಿಪೇರಿ ನಡೆದಿದ್ದ ಅದನ್ನೇ ಹಿಡಿದಿದ್ದೆ. ಮೆಟ್ಟಿಲ ತುಂಬ ಸಿಮೆಂಟಿನ ಚೀಲ, ಮೇಲಿನ ಮಹಡಿಯಲ್ಲಿ ಟೈಲ್ಸ್ ಕೊಯ್ಯುವ ಮಷಿನ್ನಿನ ಕಿರುಚಾಟ, ಹಸಿ ಬಣ್ಣದ ವಾಸನೆ. ಹಾಸಿಗೆ ಮುಟ್ಟಿದರೆ ಕೈಯೆಲ್ಲ ಬೆಳ್ಳಗೆ. "ಪೌಡರ್ ಹಚ್ಚೂದು ಉಳೀತು ಬಿಡಣ್ಣ" ಎಂದು ನೀನೇ ನಕ್ಕಿದ್ದೆ.

ಕೆಲಸ ಮುಗಿದು ತೊಳೆದಿಟ್ಟ ಖೋಲಿ ಒಂದೇ, ಕೆಳಗಿನದು. ಅದು ದೊಡ್ಡವ್ವನಿಗೆಂದು ಮೊದಲೇ ಹೇಳಿಟ್ಟಿದ್ದೆ. ಅವಳ ದಮ್ಮು ನನಗೆ ಗೊತ್ತಿರಲಿಲ್ಲವೇ? ಅಪ್ಪ, ಅವ್ವ ಹೋದ ಮೇಲೆ ಕೊಲ್ಹಾರದ ಅವಳ ಮನೆಯಲ್ಲಿ ನಾವಿಬ್ಬರೂ ಆ ಏದುಸಿರು ಕೇಳುತ್ತಲೇ ನಿದ್ದೆ ಹೋದವರು. ಲಾಡ್ಜಿನ ಮ್ಯಾನೇಜರನೂ ಎಚ್ಚರಿಸಿದ್ದ: "ವಯಸ್ಸಾದವ್ರನ್ನ ಮ್ಯಾಲ ಇಡಬ್ಯಾಡ್ರಿ, ಧೂಳ ಭಾಳ ಐತಿ."

ಸಂಜೆ ಇಂಡಿಯಿಂದ ಬೀಗರ ಗಾಡಿಗಳು ಬಂದವು. ನಿನ್ನ ಗಂಡನ ಸೋದರಮಾವ ಮೇಲೆ ಹೋಗಿ ನೋಡಿ, ಕರ್ಚೀಫಿನಿಂದ ಮೂಗು ಮುಚ್ಚಿಕೊಂಡೇ ಇಳಿದು ಬಂದರು. "ಏನ್ರೀ, ನಮ್ಮನ್ನ ಧೂಳಾಗ ಹುಗೀತೀರೇನು?" ಎಂದರು, ಎಲ್ಲರ ಮುಂದೆ. ಹೆಣ್ಣಿನ ಕಡೆಯವರು ನಾವು, ಮೇಲೆ ತಂದೆಯಿಲ್ಲದ ಮನೆ, ಎಲ್ಲಿ ಮಾತು ಬೆಳೆಯುತ್ತದೋ ಎಂದು — ಇರಲಿ, ಅದೆಲ್ಲ ನೆಪ. ಬೀಗರ ಮುಂದೆ ದೊಡ್ಡ ಮನುಷ್ಯನಾಗುವ ಚಟ ನನಗೆ. ಹಲ್ಲು ಕಿರಿದು ಕೆಳಗಿನ ಖೋಲಿ ಬಿಟ್ಟುಕೊಟ್ಟೆ.

"ಒಂದ್ ರಾತ್ರಿ ಮಾತ ಬಿಡಪಾ, ಬೀಗರು ಚಂದಂಗ ಇರ್ಲಿ" ಎಂದಳು ದೊಡ್ಡವ್ವ. ಮೆಟ್ಟಿಲು ಹತ್ತುವಾಗ ನಿಂತು ನಿಂತು ಉಸಿರು ತೆಗೆದುಕೊಂಡಳು. ನಾನು ನೋಡಿಯೂ ಅವಳ ಚೀಲ ಹಿಡಿದು ಮುಂದೆ ಹೋದೆ.

ಬೆಳಿಗ್ಗೆ ಕರೆಯಲು ಹೋದಾಗ ಹೊಸ ಸೀರೆ ಉಟ್ಟು ಗೋಡೆಗೆ ಒರಗಿ ಕೂತಿದ್ದಳು. ತುಟಿ ನೀಲಿಗಟ್ಟಿತ್ತು, ಮಾತು ತುಂಡು ತುಂಡಾಗಿ ಬಂತು. "ಸವಿತಾಗ ಹೇಳು... ಕಾಯಬ್ಯಾಡ ಅನ್ನು... ಆರಾಮಾದ ಮ್ಯಾಲ ಬರ್ತೇನಿ." ಗೆಳೆಯನೊಬ್ಬನ ಜೊತೆ ಅವಳನ್ನು ಆಟೋದಲ್ಲಿ ದವಾಖಾನೆಗೆ ಕಳಿಸಿದೆ, ಅವನ ಬಾಯಿಗೂ ಬೀಗ ಹಾಕಿಸಿದೆ. ನಾನು ಮಂಟಪಕ್ಕೆ ಓಡಿದೆ.

ಬಾಸಿಂಗ ಕಟ್ಟಿಸಿಕೊಂಡು ಕೂತ ನೀನು "ದೊಡ್ಡವ್ವ ಎಲ್ಲಿ?" ಎಂದೆ. ನಿಜ ಹೇಳಿದರೆ ಎದ್ದೇ ಬಿಡುತ್ತಿದ್ದೆ ನೀನು. ಅವಳನ್ನು ಮೇಲೆ ಹತ್ತಿಸಿದವನು ನಾನೆಂಬುದು ಹೊರಬೀಳುತ್ತಿತ್ತು. ಈ ಸಂಬಂಧ ಅವಳಿಗೆ ಮೊದಲಿನಿಂದಲೂ ಅಷ್ಟಾಗಿ ಹಿಡಿಸಿರಲಿಲ್ಲವಲ್ಲ — ಅದೇ ನನ್ನ ನಾಲಿಗೆಗೆ ಸಿಕ್ಕಿತು.

"ಈ ಸಂಬಂಧ ಅಕಿ ಮನಸ್ಸಿಗಿಲ್ಲಂತ. ಅಕ್ಕಿಕಾಳ ಒಗಿಯಂಗಿಲ್ಲಂತ ಹೇಳಿ ಊರಿಗೆ ಹೋದ್ಲು."

ನೀನು ಅಳಲಿಲ್ಲ. "ಹೋಗ್ಲಿ ಬಿಡು" ಎಂದೆ.

ಸಂಜೆಗೆ ತಿದ್ದಬಹುದಿತ್ತು. ಮರುದಿನವಾದರೂ... ನೀನು ಅವಳ ಫೋನು ಎತ್ತುವುದನ್ನೇ ಬಿಟ್ಟೆ, ಅದು ನನಗೆ ಅನುಕೂಲವೇ ಆಯಿತು. "ನನಗ ಆರಾಮ ಇರ್ಲಿಲ್ಲಂತ ಅಕಿಗೆ ಹೇಳೀಯಿಲ್ಲೋ?" ಎಂದು ದೊಡ್ಡವ್ವ ಕೇಳಿದಾಗ "ಹೇಳೇನಿ" ಎಂದುಬಿಟ್ಟೆ. ನಿನಗೊಂದು ಸುಳ್ಳು, ಅವಳಿಗೊಂದು. ದೊಡ್ಡವ್ವ ಹರಸಲು ಒಲ್ಲೆನೆಂದಳೆಂದು ನೀನು ತಿಳಿದೆ. ತಾನು ಸಾಯುವಂತಾಗಿತ್ತೆಂದು ಗೊತ್ತಿದ್ದೂ ನೀನು ನೋಡಲು ಬರಲಿಲ್ಲವೆಂದು ಅವಳು ತಿಳಿದಳು. ನಾಗರ ಪಂಚಮಿಗೆ ಓಣಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಬರುತ್ತಾರೆ, ನೀನು ಬರುವುದಿಲ್ಲ. ಅವಳು ನಿನಗೆಂದು ಉಂಡಿ ಕಟ್ಟುವುದನ್ನು ಮಾತ್ರ ಬಿಟ್ಟಿಲ್ಲ. ನಿನ್ನ ಮಗಳು ಶಾಲೆಗೆ ಹೋಗುವಷ್ಟಾದಳು. ದೊಡ್ಡವ್ವ ಆ ಕೂಸನ್ನು ನೋಡಿದ್ದು ನನ್ನ ಮೊಬೈಲಿನ ಫೋಟೋದಲ್ಲಿ ಮಾತ್ರ.

ನಿನ್ನೆ ಕೊಲ್ಹಾರಕ್ಕೆ ಹೋಗಿ ಅವಳಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ, ಚಪ್ಪಲಿ ಕೈಗೆ ತಗೊಳ್ಳುತ್ತಾಳೆ ಎಂದುಕೊಂಡಿದ್ದೆ. ಆದರೆ ಅವಳ ಮುಖ ಅರಳಿತು — ಸವಿತಾ, ಅದನ್ನೇ ನನಗೆ ತಾಳಲಾಗುತ್ತಿಲ್ಲ. "ಹಂಗಾರ ಅಕಿಗೆ ಗೊತ್ತೇ ಇರ್ಲಿಲ್ಲ! ಗೊತ್ತಿದ್ರ ಓಡಿ ಬರ್ತಿದ್ಲು ನನ್ನ ಕೂಸು" ಎಂದಳು. ಇಷ್ಟು ವರ್ಷ ಅವಳನ್ನು ಸುಟ್ಟದ್ದು ಆ ಬೆಳಗಿನ ಸಂಕಟವಲ್ಲ, ನೀನು ಕಲ್ಲಾದೆಯೆಂಬ ಮಾತು.

ಆಮೇಲೆ ನನ್ನ ಕಡೆ ತಿರುಗಿದಳು. "ನೀ ಈಗ ಹೋಗಪಾ" ಎಂದಳು, ಅಷ್ಟೆ. ಆ ಮನೆಯಿಂದ ನಾನು ಉಣ್ಣದೆ ಹೊರಬಿದ್ದದ್ದು ಅದೇ ಮೊದಲು.

ಪಂಚಮಿಗೆ ಕರೆಯಲು ಅಣ್ಣ ಬರಬೇಕು. ನಾನು ಬರುವುದಿಲ್ಲ, ಯಾವ ಮುಖ ಹೊತ್ತು ಬರಲಿ? ಪಂಚಮಿಯವರೆಗೂ ಕಾಯಬೇಡ, ಮಗಳನ್ನು ಕರೆದುಕೊಂಡು ನೀನೇ ಹೋಗು. ನೀನಿರುವಷ್ಟು ದಿನ ನಾನು ಆ ಹೊಸ್ತಿಲು ತುಳಿಯುವುದಿಲ್ಲ. ಅಂಗಳ ದಾಟುವಷ್ಟರಲ್ಲೇ ಅವಳಿಗೆ ಈಗ ದಮ್ಮು ಹತ್ತುತ್ತದೆ. ತಡ ಮಾಡಬೇಡ, ತಂಗಿ.