ಹೊಳೆದಂಡೆಯಲ್ಲಿ ಅಣ್ಣನ ಗುರುತು ಹೇಳಲಿಲ್ಲ

ಸಂಕ್ರಾಂತಿಯ ದಿನ ನಮ್ಮ ಕಡೆಯವರು ಹೊಳೆಗೆ ಹೋಗುತ್ತಾರೆ. ಎಳ್ಳು, ಅರಿಶಿನ ಅರೆದು ಮೈಗೆ ಹಚ್ಚಿಕೊಂಡು ತುಂಗಭದ್ರೆಯಲ್ಲಿ ಮುಳುಗಿ, ಮರಳಿನ ಮೇಲೆ ಬುತ್ತಿ ಬಿಚ್ಚುತ್ತಾರೆ. ಎಳ್ಳಿನ ಜಿಡ್ಡಿಗೆ ಉಂಗುರ, ಕಾಲುಂಗುರ ಜಾರಿಹೋಗುವುದು ಸಾಮಾನ್ಯ. ಉಂಡು ಕೈ ತೊಳೆಯುವಾಗ ಯಾರಾದರೂ ಒಬ್ಬಳು ಬರಿ ಬೆರಳು ನೋಡಿಕೊಂಡು ಅಳಲು ಶುರು ಮಾಡುತ್ತಾಳೆ. ನಮ್ಮ ಅಣ್ಣನ ಕೆಲಸ ಅಲ್ಲಿಂದ ಶುರು.

ಅಣ್ಣ ಕೊಟ್ಟೂರಿನಲ್ಲಿ ಸುಟ್ಟ ಬೋರ್ ಮೋಟಾರುಗಳಿಗೆ ತಂತಿ ಸುತ್ತುವವನು. ಯಾರೋ ಮೂಲೆಗೆ ಎಸೆದಿದ್ದ ಮೆಟಲ್ ಡಿಟೆಕ್ಟರ್ ತಂದು, ಅದಕ್ಕೂ ತಾನೇ ತಂತಿ ಸುತ್ತಿ ಸರಿಮಾಡಿದ್ದ. ಉದ್ದನೆಯ ಕೋಲು, ತುದಿಗೊಂದು ತಟ್ಟೆ, ಕಿವಿಗೆ ಹೆಡ್‌ಫೋನು. ಮರಳಿನ ಕೆಳಗೆ ಲೋಹವಿದ್ದರೆ ಕುಂಯ್ ಎನ್ನುತ್ತದೆ. ಸಿಕ್ಕ ಒಡವೆಯನ್ನು ಕಳಕೊಂಡವರ ಕೈಗಿಟ್ಟು, ಅವರು ಕೊಟ್ಟ ಹೋಳಿಗೆ ತಿಂದು ಬರುತ್ತಿದ್ದ. ನಾನೂ ಎಷ್ಟೋ ಸಲ ಅವನ ಜೊತೆ ಮರಳು ಬಗೆದಿದ್ದೇನೆ.

ಅವನದೊಂದು ಕಟ್ಟುಪಾಡು ಇತ್ತು. ಹರಕೆ ಹೊತ್ತವರು ಬೆಳ್ಳಿಯ ಕಣ್ಣನ್ನೋ ಪುಟ್ಟ ತೊಟ್ಟಿಲನ್ನೋ ಅರಿಶಿನದ ಬಟ್ಟೆಯಲ್ಲಿ ಕಟ್ಟಿ ಗಂಗಮ್ಮನಿಗೆ ಬಿಡುತ್ತಾರೆ. ನೀರು ಇಳಿದ ಮೇಲೆ ಅವು ಮರಳಲ್ಲಿ ಉಳಿಯುತ್ತವೆ. ಮಷೀನು ಅದಕ್ಕೂ ಕೂಗುತ್ತದೆ. ಅಂಥದು ಸಿಕ್ಕರೆ ಅಣ್ಣ ಚಪ್ಪಲಿ ಬಿಟ್ಟು, ಕಣ್ಣಿಗೊತ್ತಿಕೊಂಡು, ಮೊದಲಿಗಿಂತ ಆಳಕ್ಕೆ ಹೂಳುತ್ತಿದ್ದ. ಅದು ಕಳೆದದ್ದಲ್ಲ, ಆಕೆಗೆ ಕೊಟ್ಟದ್ದು ಎನ್ನುತ್ತಿದ್ದ.

ಆದರೆ ನಮ್ಮ ಸೀಮೆಯಲ್ಲಿ ಈ ಮಷೀನು ಹಿಡಿದವನೆಂದರೆ ನಿಧಿಗಳ್ಳ ಎಂದೇ ಲೆಕ್ಕ. ಹಾಳುಗುಡಿಯ ಹಿಂದೆ ಒಂದು ಗುಂಡಿ ಕಂಡರೆ ಸಾಕು, ಊರೆಲ್ಲ ಅದೇ ಮಾತು.

ಹೋದ ಸಂಕ್ರಾಂತಿಗೆ ನಾನು ಬೀಗರಾಗುವವರ ಜೊತೆ ಹೊಳಲು ಊರಿನ ಆಚೆಯ ಹೊಳೆದಂಡೆಗೆ ಹೋಗಿದ್ದೆ. ನನ್ನ ಮಗಳನ್ನು ಅವರು ಒಪ್ಪಿದ್ದರು, ವೀಳ್ಯದ ಶಾಸ್ತ್ರ ಬಾಕಿ ಇತ್ತು. ಹೆಣ್ಣು ನೋಡುವ ದಿನ ಅಣ್ಣ ಬಂದಿರಲಿಲ್ಲವಾದ್ದರಿಂದ ಅವರಿಗೆ ಅವನ ಮುಖ ಗೊತ್ತಿರಲಿಲ್ಲ. ಬೀಗರದು ಹರಪನಹಳ್ಳಿಯಲ್ಲಿ ಗೊಬ್ಬರದ ಅಂಗಡಿ, ಹುಡುಗ ಮೇಷ್ಟ್ರು. ನಾನೋ ಏಳನೆಯದಕ್ಕೇ ಶಾಲೆ ಬಿಟ್ಟು ಕಾನಹೊಸಹಳ್ಳಿಯಲ್ಲಿ ಪಂಕ್ಚರ್ ಹಾಕುವವನು. ಅವರ ಪಕ್ಕ ಕೂತು ಉಣ್ಣುವುದೇ ನನಗೆ ದೊಡ್ಡ ಮಾತಾಗಿತ್ತು.

ಊಟದ ನಡುವೆ ಆಚೆ ಗದ್ದಲವಾಯಿತು. ಎದ್ದು ಹೋಗಿ ನೋಡಿದೆವು. ಜನ ಅಣ್ಣನನ್ನು ಸುತ್ತುಗಟ್ಟಿದ್ದರು. ಅವನು ಬೆಳ್ಳಿ ತೊಟ್ಟಿಲೊಂದನ್ನು ಹೂಳುವಾಗ ಯಾರೋ ಕಂಡಿದ್ದರು.

"ಏನ್ ಮುಚ್ಚಾಕ ಹತ್ತಿದ್ದೆಲೇ?"

"ಗಂಗಮ್ಮಂದ್ರಿ. ತಗಬಾರದು ಅಂತ ಮುಚ್ಚಿದೆ."

"ನೋಡ್ರಪಾ, ಗಂಗಮ್ಮನ ಪೂಜಾರಿ. ಕಿವ್ಯಾಗ ವೈರ್ ಇಟಗಂಡು ಬಂದಾನ."

ಎಲ್ಲರೂ ನಕ್ಕರು. ಚೀಲ ಸುರುವಿದರು, ಅಂಗಿ ಬಿಚ್ಚಿಸಿದರು, ಉಡದಾರದ ಗಂಟನ್ನೂ ಮುಟ್ಟಿ ನೋಡಿದರು. ಐವತ್ತು ದಾಟಿದವನು ಕೈ ಮೇಲೆತ್ತಿ ನಿಂತಿದ್ದ. ಆಗ ತಲೆಗಳ ನಡುವಿಂದ ನನ್ನನ್ನು ಕಂಡ.

ಬೀಗರು ನನ್ನ ಕಡೆ ತಿರುಗಿದರು. "ನಿಮ್ಮನ್ನೇ ನೋಡ್ತದಾನಲ್ಲ. ಗೊತ್ತಿರೋನೇನ್ರಿ?"

"ಇಲ್ರಿ, ಯಾರೋ ಏನೋ" ಅಂದೆ.

ಅವನಿಗೆ ಕೇಳಿಸಿತೋ ಇಲ್ಲವೋ ತಿಳಿಯದು. ಮತ್ತೆ ನನ್ನ ಕಡೆ ನೋಡಲಿಲ್ಲ. ಹೆಸರು ಹಿಡಿದು ಕರೆಯಲೂ ಇಲ್ಲ. ಕೊನೆಗೆ ಒಬ್ಬ ಮುದುಕಿ ಜನರನ್ನು ನೂಕಿಕೊಂಡು ಬಂದು, ಸೊಸೆಯ ಕಾಲುಂಗುರ ಹುಡುಕಲು ಇವನನ್ನು ಕರೆದವಳು ತಾನೇ ಎಂದು ಎಲ್ಲರನ್ನೂ ಬೈದಳು. ಗುಂಪು ಚದುರಿತು. ಅಣ್ಣ ಅಂಗಿಯ ಮರಳು ಕೊಡವಿ ತೊಟ್ಟುಕೊಂಡು, ಕಾಲುಂಗುರ ಹುಡುಕಲು ಹೋದ. ನಾನು ತಿರುಗಿ ಬಂದು ಹೋಳಿಗೆಗೆ ಇನ್ನಷ್ಟು ತುಪ್ಪ ಹಾಕಿಸಿಕೊಂಡೆ.

ಸಂಬಂಧ ಮುರಿದೀತೆಂಬ ಹೆದರಿಕೆಗೆ ಹಾಗಂದೆ ಎಂದು ನನಗೆ ನಾನೇ ಬಹಳ ದಿನ ಹೇಳಿಕೊಂಡೆ. ಅದು ಸುಳ್ಳು. ಬೀಗರು ಅಂಥವರಲ್ಲ. ಇವನು ನಮ್ಮಣ್ಣ ಎಂದಿದ್ದರೆ ಅವರೇ ಮುಂದೆ ಹೋಗಿ ಬಿಡಿಸುತ್ತಿದ್ದರು. ಬರಿಮೈಯಲ್ಲಿ ನಿಂತವನು ನನ್ನ ಒಡಹುಟ್ಟಿದವನು ಎನ್ನಲು ನನಗೆ ನಾಚಿಕೆಯಾಯಿತು, ಅಷ್ಟೇ.

ವೀಳ್ಯದ ತಟ್ಟೆ ಬೀಗರ ಕೈಗೆ ಕೊಡಬೇಕಾದವನು ಮನೆಗೆ ಹಿರಿಯ, ಹುಡುಗಿಯ ದೊಡ್ಡಪ್ಪ. ಕರೆಯಲು ಕೊಟ್ಟೂರಿಗೆ ಹೋದೆ. ಅಣ್ಣ ತಂತಿ ಸುತ್ತುವುದನ್ನು ನಿಲ್ಲಿಸದೆ ಅತ್ತಿಗೆಗೆ ಚಹಾ ಮಾಡಲು ಹೇಳಿದ. ನಾನು ವೀಳ್ಯದ ಮಾತೆತ್ತಿದ್ದೇ ತಡ, "ಅವತ್ತು ನನಗ ಕೆಲಸ ಐತಿ. ತಟ್ಟಿ ನೀನ ಕೊಡು" ಅಂದ.

ಯಾವತ್ತು ಎಂದು ನಾನಿನ್ನೂ ಹೇಳಿರಲೇ ಇಲ್ಲ.

ಅಲ್ಲೇ ಕಾಲು ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಚಹಾ ಕುಡಿದೆ. ಬೈಕ್ ಹತ್ತಿದಾಗ, ಬೀಗರ ಮುಂದೆ ಅವನನ್ನು ನಿಲ್ಲಿಸುವುದು ತಪ್ಪಿತೆಂದು ಎದೆ ಹಗುರಾಗಿತ್ತು. ಹೊಳೆದಂಡೆಯ ಆ ಮಾತಿಗಿಂತ ಈ ಹಗುರಕ್ಕೇ ನಾನು ಹೆಚ್ಚು ನಾಚುತ್ತೇನೆ.

ವೀಳ್ಯದ ದಿನ ಮಗಳು ಬಾಗಿಲ ಕಡೆಯೇ ನೋಡುತ್ತಿದ್ದಳು. ಚಿಕ್ಕವಳಿದ್ದಾಗ ಅವಳನ್ನು ಹೆಗಲ ಮೇಲೆ ಹೊತ್ತು ಸಂತೆ ತಿರುಗಿಸಿದವನು ಅವನು. ಯಾಕೆ ಬರಲಿಲ್ಲ ಎಂದು ಕೇಳಿದಳು. ಮೋಟಾರಿನ ಕೆಲಸವಂತೆ ಎಂದೆ. ಅಂದಿನಿಂದ ಅವಳು ಅವನಿಗೆ ಫೋನು ಮಾಡುತ್ತಿಲ್ಲ. ಮೊನ್ನೆ ಮದುವೆಗೆ ಯಾರ‍್ಯಾರನ್ನು ಕರೆಯಬೇಕೆಂದು ಮಾತಾಡುವಾಗ ಅಂದಳು:

"ದೊಡ್ಡಪ್ಪನ್ನ ಕರಿಬ್ಯಾಡಪ್ಪ. ಅವಗ ನಾವು ಬ್ಯಾಡಾಗೇವಿ."

ಅವಳ ತಾಯಿ ನನ್ನ ಮುಖ ನೋಡಿದಳು. ನಾನು ಕರೆಯಬೇಕಾದ ಮುಂದಿನ ಮನೆಯವರ ಮಾತು ತೆಗೆದೆ.